ಮೂಟೆ ಹೇರಿದರೆ ಮಾತ್ರ ಗುರುಗುಟ್ಟುವ ಗಾಡಿ

ಭಾವನ ಫೋನ್ ಬಂದಾಗ ನಾನು ಕೊಡಗಿನ ಚೆಯ್ಯಂಡಾಣೆ ಹತ್ತಿರದ ಒಂದು ತೋಟದ ಕೆರೆ ಏರಿ ಮೇಲೆ, ಡೀಸೆಲ್ ಪಂಪ್‌ಸೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದೆ. ಫೆಬ್ರವರಿ ಕೊನೆ. ರೋಬಸ್ಟಾ ಕಾಫಿಯ ಹೂವಿಗೆ ಸ್ಪ್ರಿಂಕ್ಲರ್ ಬಿಡುವ ಕಾಲ. ಯಾರ ಪಂಪ್ ಯಾವಾಗ ಕೈಕೊಡುತ್ತದೋ ಹೇಳಲಾಗದು. ಪಂಪ್, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಮೋಟಾರ್ ರಿಪೇರಿ ನನ್ನ ಹೊಟ್ಟೆಪಾಡು. ಬೈಕ್ ರಿಪೇರಿ ಅಲ್ಲ. ಆದರೆ ನೆಂಟರಿಗೆ ಅದೆಲ್ಲ ಒಂದೇ.

“ಗೇರ್‌ಬಾಕ್ಸ್ ಹೋಗಿದೆಯಂತೆ. ಎಂಜಿನ್ ಇಳಿಸಿ ಗೇರ್ ಸೆಟ್ ಪೂರ್ತಿ ಹಾಕಬೇಕಂತೆ. 16 ಸಾವಿರ ಹೇಳ್ತಾರೆ. ಒಂದ್ಸಲ ನೀನು ಕೇಳಿ ನೋಡ್ತೀಯಾ?”

ಗಾಡಿ 150 ಸಿಸಿಯದು, ಐದು ಗೇರ್, ಓಡಿದ್ದು 58,000 ಕಿಲೋಮೀಟರ್. ಕಂಪನಿ ಹೆಸರು ಹೇಳುವುದಿಲ್ಲ, ತಪ್ಪು ಕಂಪನಿಯದಲ್ಲ. ಭಾವನ ತೋಟ ನಾಪೋಕ್ಲು ಕಡೆ. ಕೈಗೆ ದುಡ್ಡು ಬೇಕಾದಾಗ ಒಣಗಿಸಿದ ಕಾಫಿ ಚೆರಿಯನ್ನು ಒಂದೊಂದೇ ಮೂಟೆ ಹಿಂದೆ ಕಟ್ಟಿಕೊಂಡು ಮೂರ್ನಾಡಿಗೋ ಮಡಿಕೇರಿಗೋ ಹೋಗಿ ಮಾರುತ್ತಾನೆ. ಬರುವಾಗ ಅಕ್ಕಿ, ಗೊಬ್ಬರ, ಹಂದಿಗೆ ಹಿಂಡಿ. ಆ ಗಾಡಿಯ ಹಿಂದಿನ ಸೀಟಿಗೆ ಮನುಷ್ಯರಿಗಿಂತ ಮೂಟೆಯ ಪರಿಚಯವೇ ಜಾಸ್ತಿ. ಈ ಮಾತು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳದೆ ಎರಡು ದಿನ ಕಳೆದುಕೊಂಡೆ.

ಭಾವ ಹೇಳಿದ ಚರಿತ್ರೆ ಹೀಗಿತ್ತು. ನವೆಂಬರ್‌ನಲ್ಲಿ, ಕೊಯ್ಲು ಜೋರಾಗುವ ಮೊದಲು, ಚೈನ್ ಮತ್ತು ಅದು ಕೂರುವ ಹಲ್ಲುಚಕ್ರಗಳು, ಅಂದರೆ ಮುಂದಿನ ಹಿಂದಿನ ಎರಡು ಸ್ಪ್ರಾಕೆಟ್, ಹೊಸದು ಹಾಕಿಸಿದ. ಜನವರಿಯಲ್ಲಿ ಒಂದು ಸದ್ದು ಶುರುವಾಯಿತು. ಕಡಿಯುವ ಸದ್ದಲ್ಲ, ಟಕಟಕ ಅಲ್ಲ. ‘ಗುರ್ರ್’ ಅಂತ, ಹೊಟ್ಟೆಯೊಳಗಿಂದ ಬಂದ ಹಾಗೆ. ಮೊದಲ ಗ್ಯಾರೇಜಿನವರು ಚೈನಿಗೆ ಸ್ಪ್ರೇ ಹೊಡೆದು “ಹೊಸ ಚೈನ್, ಸೆಟ್ ಆಗುತ್ತೆ” ಅಂದರು. ಎರಡನೆಯವರು ಎಂಜಿನ್ ಆಯಿಲ್ ಬದಲಿಸಿದರು. ಮೂರನೆಯವರು ಪೇಟೆಯಲ್ಲಿ ಒಂದು ರೌಂಡ್ ಹೊಡೆದು ಬಂದು “ಸದ್ದೇ ಇಲ್ಲವಲ್ಲ” ಅಂದರು. ಭಾವ ಪಟ್ಟು ಹಿಡಿದಾಗ, “ಹಾಗಾದ್ರೆ ಗೇರ್ ಹಲ್ಲೇ ಇರಬೇಕು” ಅಂದರು. ಕೇಳದ ಸದ್ದಿಗೆ 16,000 ರೂಪಾಯಿಯ ಅಂದಾಜು ಬಂದದ್ದು ಹಾಗೆ.

ಅವರನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ಮೊದಲ ದಿನ ನಾನು ಮಾಡಿದ್ದೂ ಅದೇ.

ಭಾನುವಾರ ಸಂಜೆ ಅಂಗಳದಲ್ಲಿ ಗಾಡಿ ಸ್ಟಾರ್ಟ್ ಮಾಡಿದೆ. ನ್ಯೂಟ್ರಲ್‌ನಲ್ಲಿಟ್ಟು ಕ್ಲಚ್ ಹಿಡಿದೆ, ಬಿಟ್ಟೆ, ಮತ್ತೆ ಹಿಡಿದೆ. ಇದು ಯಾರು ಬೇಕಾದರೂ ಮಾಡಬಹುದಾದ ಮೊದಲ ಪರೀಕ್ಷೆ. ಕ್ಲಚ್ ಬಿಟ್ಟಾಗ ಗೇರ್‌ಬಾಕ್ಸಿನ ಮೊದಲ ಶಾಫ್ಟ್ ಎಂಜಿನ್ ಜೊತೆ ತಿರುಗುತ್ತಿರುತ್ತದೆ. ಕ್ಲಚ್ ಹಿಡಿದಾಗ ಅದು ನಿಲ್ಲುವುದಕ್ಕೆ ನೋಡುತ್ತದೆ. ಹಿಡಿದ ಕೂಡಲೇ ಸದ್ದು ಸತ್ತರೆ ಕ್ಲಚ್ ಬುಟ್ಟಿ (ಕ್ಲಚ್ ಪ್ಲೇಟುಗಳು ಕೂರುವ ಡಬ್ಬಿ) ಅಥವಾ ಆ ಶಾಫ್ಟಿನ ಬೇರಿಂಗ್ ಮೇಲೆ ಅನುಮಾನ. ಹಿಡಿದಾಗ ಮಾತ್ರ ಸದ್ದು ಹುಟ್ಟಿದರೆ ಕ್ಲಚ್ ತಳ್ಳುವ ಸಣ್ಣ ಬೇರಿಂಗ್ ಮೇಲೆ. ಇಲ್ಲಿ ಸಣ್ಣ ವ್ಯತ್ಯಾಸ ಇತ್ತು. ಬಿಟ್ಟಾಗ ಒಂದು ಚೂರು ಕಳಕಳ. 58,000 ಓಡಿದ ಯಾವ ಗಾಡಿಯಲ್ಲೂ ಅಷ್ಟಿರುತ್ತದೆ. ಉದ್ದ ಸ್ಕ್ರೂಡ್ರೈವರ್‌ನ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ತುದಿಯನ್ನು ಎಂಜಿನ್ ಮೇಲೆ ಅಲ್ಲಲ್ಲಿ ಇಟ್ಟು ಕೇಳಿದೆ. ಪಂಪಿನಲ್ಲಿ ಇದು ನನ್ನ ಅರ್ಧ ಬಂಡವಾಳ. ಇಲ್ಲಿ ಏನೂ ಸಿಗಲಿಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ ನಾಲ್ಕನೇ ಗೇರಿನಲ್ಲಿ ಹಿಂದಿನ ಚಕ್ರ ತಿರುಗಿಸಿದೆ. ಆಗಲೂ ಇಲ್ಲ. ನಾಪೋಕ್ಲು ರಸ್ತೆಯಲ್ಲಿ ಒಬ್ಬನೇ ಆರು ಕಿಲೋಮೀಟರ್ ಹೋಗಿ ಬಂದೆ. ಗಾಳಿ ಸದ್ದು ಬಿಟ್ಟರೆ ಬೇರೆ ಇಲ್ಲ.

ಏನೂ ಸಿಗದಿದ್ದಾಗ ಸಿಕ್ಕಿದ್ದನ್ನೇ ಹಿಡಿದುಕೊಳ್ಳುವ ಚಾಳಿ ಎಲ್ಲರಿಗೂ ಇರುತ್ತದೆ. ನಾನು ಆ ಕಳಕಳವನ್ನೇ ದೊಡ್ಡದು ಮಾಡಿ “ಕ್ಲಚ್ ಬುಟ್ಟಿ ಇರಬಹುದು, ನೋಡೋಣ” ಅಂದುಬಿಟ್ಟೆ. ಬುಟ್ಟಿಯ ಬೆಲೆ ಬೇರೆ ವಿಚಾರಿಸಿದೆ.

ಮಂಗಳವಾರ ಬೆಳಿಗ್ಗೆ ಮತ್ತೆ ಭಾವನ ಫೋನ್. ಮೇಕೇರಿ ಏರಿನಲ್ಲಿ ಗಾಡಿ ನಿಲ್ಲಿಸಿದ್ದಾನೆ. “ಈಗ ಕೇಳು, ಈಗ ಕೇಳು” ಅಂತ ಫೋನನ್ನು ಹಿಡಿದು ಗಾಡಿ ಓಡಿಸುತ್ತಾನೆ ಮಹಾರಾಯ! ಬೈದು ಇಡಿಸಿದೆ. ಆಮೇಲೆ ಕೇಳಿದೆ: “ಹಿಂದೆ ಏನಿದೆ?”

“ಮೂಟೆ.”

“ಖಾಲಿ ಬರುವಾಗ ಸದ್ದು ಇರುತ್ತಾ?”

ಸ್ವಲ್ಪ ಹೊತ್ತು ಯೋಚಿಸಿ, “ಇಲ್ಲ ಅಲ್ವಾ?” ಅಂತ ನನ್ನನ್ನೇ ಕೇಳಿದ.

ಮೂರು ಗ್ಯಾರೇಜಿನವರು, ಮೇಲಿಂದ ನಾನು. ನಾಲ್ಕೂ ಜನ ಗಾಡಿಯನ್ನು ಖಾಲಿ ಓಡಿಸಿ ನೋಡಿದ್ದೆವು. ಗ್ಯಾರೇಜಿಗೆ ಮೂಟೆ ಕಟ್ಟಿಕೊಂಡು ಯಾರು ಹೋಗುತ್ತಾರೆ? ರಿಪೇರಿಗೆ ಹೋಗುವಾಗ ಗಾಡಿ ತೊಳೆದುಕೊಂಡು ಬೇರೆ ಹೋಗುತ್ತೇವೆ, ಹೆಣ್ಣು ನೋಡಲು ಹೊರಟವರ ಹಾಗೆ.

ಮೂಟೆ ಸಮೇತ

ಆ ಸಂಜೆ ಭಾವನ ತೋಟದೊಳಗಿನ ರಸ್ತೆಯಲ್ಲೇ ಪರೀಕ್ಷೆ ಇಟ್ಟುಕೊಂಡೆವು. ಗೇಟಿನಿಂದ ಕಣದವರೆಗೆ ಮುನ್ನೂರು ಮೀಟರ್ ಒಂದೇ ಸಮ ಇಳಿಜಾರು. ಎದುರಿಗೆ ಯಾರೂ ಬರುವುದಿಲ್ಲ. ಘಾಟಿ ರಸ್ತೆಯಲ್ಲಿ ಎಂಜಿನ್ ನಿಲ್ಲಿಸಿ ಗಾಡಿ ಬಿಡುವ ಸಾಹಸ ದಯವಿಟ್ಟು ಬೇಡ. ಇಂಥ ಖಾಸಗಿ ಇಳಿಜಾರಿನಲ್ಲಿ ಮಾಡುವಾಗಲೂ ಕೀ ತಿರುಗಿಸಬೇಡಿ, ಹ್ಯಾಂಡಲ್ ಲಾಕ್ ಬಿದ್ದರೆ ಕಾಫಿ ಗಿಡದೊಳಗೆ ಹೋಗುತ್ತೀರಿ. ಕಿಲ್ ಸ್ವಿಚ್ ಒತ್ತಿದರೆ ಸಾಕು.

50 ಕೆಜಿ ಚೆರಿ ಮೂಟೆಯನ್ನು ಹಗ್ಗ ಹಾಕಿ ಬಿಗಿದು ಹೊರಟೆ. ಮೂರನೇ ಗೇರಿಗೆ ಬಿದ್ದು 30 ದಾಟುತ್ತಿದ್ದ ಹಾಗೆ ಬಂತು. ‘ಗುರ್ರ್’. ಕಾಲಿನ ಫುಟ್‌ರೆಸ್ಟಿನಲ್ಲೂ ಒಂದು ಅದುರು. ಭಾವ ಸುಳ್ಳು ಹೇಳಿರಲಿಲ್ಲ.

ಈಗ ಕೇಳಬೇಕಾದ ಪ್ರಶ್ನೆ ‘ಸದ್ದು ಎಲ್ಲಿಂದ’ ಅನ್ನುವುದಲ್ಲ. ಅಲ್ಯೂಮಿನಿಯಂ ಎಂಜಿನ್ ಒಂದು ದೊಡ್ಡ ಡೋಲು. ಎಲ್ಲಿ ಬಡಿದರೂ ಎಲ್ಲ ಕಡೆ ಕೇಳಿಸುತ್ತದೆ. ಕೇಳಬೇಕಾದ್ದು ‘ಸದ್ದು ಯಾರ ತಾಳಕ್ಕೆ ಕುಣಿಯುತ್ತಿದೆ’ ಅಂತ. ಎಂಜಿನ್ ವೇಗಕ್ಕೋ, ಚಕ್ರದ ವೇಗಕ್ಕೋ? ಗೇಟಿನಿಂದಾಚೆಯ ಸಮತಟ್ಟು ರಸ್ತೆಗೆ ಹೋಗಿ 40ರಲ್ಲಿ ಮೂರನೇ ಗೇರ್ ಇಟ್ಟೆ, ಎಂಜಿನ್ ಕಿರುಚುತ್ತಿತ್ತು. ಅದೇ 40ರಲ್ಲಿ ಐದನೇ ಗೇರ್ ಹಾಕಿದೆ, ಎಂಜಿನ್ ತಣ್ಣಗಾಯಿತು. ಗುರುಗುಟ್ಟುವ ಸದ್ದಿನ ಶ್ರುತಿ ಮಾತ್ರ ಒಂದು ಕೂದಲೆಳೆಯೂ ಬದಲಾಗಲಿಲ್ಲ. ಅಂದರೆ ಅದು ಎಂಜಿನ್ ಕಡೆಯದಲ್ಲ, ಚಕ್ರದ ಜೊತೆಗೆ ತಿರುಗುವ ಯಾವುದೋ ಒಂದರದು. ಕ್ಲಚ್ ಬುಟ್ಟಿ ಆ ಕ್ಷಣಕ್ಕೇ ಬಿಡುಗಡೆ ಆಯಿತು. ನಾನು ಬೆಲೆ ವಿಚಾರಿಸಿದ್ದನ್ನು ಯಾರಿಗೂ ಹೇಳಲಿಲ್ಲ.

ಗೇರ್ ಹಲ್ಲಿನ ಮಾತು? ಬೈಕಿನ ಗೇರ್‌ಬಾಕ್ಸಿನಲ್ಲಿ ಐದು ಗೇರ್ ಅಂದರೆ ಐದು ಜೋಡಿ ಚಕ್ರ. ಐದೂ ಜೋಡಿ ಸದಾ ಒಂದನ್ನೊಂದು ಕಚ್ಚಿಕೊಂಡೇ ಇರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ಚಕ್ರ ಶಾಫ್ಟಿನ ಜೊತೆ ತಿರುಗುತ್ತದೆ, ಇನ್ನೊಂದು ಶಾಫ್ಟಿನ ಮೇಲೆ ಸುಮ್ನೆ ಸುತ್ತುತ್ತಿರುತ್ತದೆ. ನಾವು ಲಿವರ್ ಒತ್ತಿದಾಗ ಒಳಗಿನ ಕವೆಯಂಥ ಫೋರ್ಕ್ ಒಂದು ಚಕ್ರವನ್ನು ಪಕ್ಕಕ್ಕೆ ಸರಿಸಿ, ಅದರ ಗೂಟಗಳನ್ನು ಪಕ್ಕದ ಚಕ್ರದ ಗುಳಿಗೆ ಸಿಕ್ಕಿಸುತ್ತದೆ. ಆಗ ಆ ಜೋಡಿ ಮಾತ್ರ ಭಾರ ಹೊರುತ್ತದೆ. ಹಾಗಾಗಿ ಒಂದು ಜೋಡಿಯ ಹಲ್ಲು ಹೋಗಿದ್ದರೆ ಆ ಗೇರಿನಲ್ಲಿ ಸದ್ದು ಜೋರಾಗಬೇಕು, ಮಿಕ್ಕದ್ದರಲ್ಲಿ ತಗ್ಗಬೇಕು. ಇಲ್ಲಿ ಎರಡರಿಂದ ಐದರವರೆಗೂ ಒಂದೇ. ಏರಿನಲ್ಲೂ ಇದೆ, ಆಕ್ಸಿಲೇಟರ್ ಬಿಟ್ಟು ಇಳಿಯುವಾಗಲೂ ಇದೆ. ಹಲ್ಲಿನ ಸದ್ದಾದರೆ ಹೊರೆ ಬಿದ್ದಾಗ ಒಂದು ರೀತಿ, ಬಿಟ್ಟಾಗ ಇನ್ನೊಂದು ರೀತಿ ಇರುತ್ತದೆ. ಯಾಕೆಂದರೆ ಹಲ್ಲಿನ ಒಂದು ಮುಖ ಎಳೆಯುವುದಕ್ಕೆ, ಇನ್ನೊಂದು ತಡೆಯುವುದಕ್ಕೆ.

ಕೊನೆಗೆ ಗೇಟಿನಿಂದ ನ್ಯೂಟ್ರಲ್‌ನಲ್ಲಿ, ಎಂಜಿನ್ ಬಂದ್ ಮಾಡಿ, ಮೂಟೆ ಸಮೇತ ಇಳಿದೆ. ತೋಟ ನಿಶ್ಶಬ್ದ. ಸಿಲ್ವರ್ ಮರದ ಮೇಲೆ ಯಾವುದೋ ಹಕ್ಕಿ, ನನ್ನ ಕೆಳಗೆ ‘ಗುರ್ರ್’. ಎಂಜಿನ್ ಸದ್ದಿನ ಮುಸುಕಿಲ್ಲದೆ ಮೊದಲ ಸಲ ಅದನ್ನು ಬರಿಯ ಕಿವಿಯಲ್ಲಿ ಕೇಳಿದೆ. ಪಂಪಿನ ಕೆಲಸದವನಿಗೆ ಆ ದನಿ ಗೊತ್ತು. ಗುಂಡು ಬೇರಿಂಗ್ ಸಾಯುವ ದನಿ.

ಆದರೆ ಯಾವ ಬೇರಿಂಗ್?

ಮೂಟೆಯ ಭಾರ ನೇರವಾಗಿ ಬೀಳುವುದು ಹಿಂದಿನ ಚಕ್ರದ ಬೇರಿಂಗಿನ ಮೇಲೆ. ಭಾರ ಇದ್ದರೆ ಸದ್ದು, ಇಲ್ಲದಿದ್ದರೆ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಚಕ್ರ ಬಿಚ್ಚುತ್ತಿದ್ದರು. ನನಗೂ ಹಾಗೆ ಅನಿಸಿತು. ಆದರೆ ಎರಡು ದಿನದ ಹಿಂದೆ ಬುಟ್ಟಿ ಬಿಚ್ಚಲು ಹೊರಟವನು ನಾನೇ ಅಲ್ವಾ? ಈ ಸಲ ಮೊದಲು ಪರೀಕ್ಷೆ, ಆಮೇಲೆ ಸ್ಪ್ಯಾನರ್ ಅಂತ ಅಂದುಕೊಂಡೆ.

ಚೈನಿನ ಲಾಕ್ ತೆಗೆದು ಚೈನನ್ನೇ ಕಳಚಿದೆ. ಈಗ ಹಿಂದಿನ ಚಕ್ರಕ್ಕೂ ಗೇರ್‌ಬಾಕ್ಸಿಗೂ ಸಂಬಂಧ ಇಲ್ಲ. ಅದೇ ಮೂಟೆ, ಅದೇ ಇಳಿಜಾರು. ಭಾವ ಹಿಂದಿನಿಂದ ಒಂದು ತಳ್ಳು ಕೊಟ್ಟ. ಗಾಡಿ ಎಣ್ಣೆ ಹಚ್ಚಿದ ಹಾಗೆ ಜಾರಿತು. ಟೈರು ಮಣ್ಣಿನ ಮೇಲೆ ಉರುಳುವ ಸದ್ದು ಬಿಟ್ಟರೆ ಏನೂ ಇಲ್ಲ. ಕಣದ ಹತ್ತಿರ ಬ್ರೇಕ್ ಹಿಡಿದು ನಿಂತಾಗ ಕಾಫಿ ಹರವುತ್ತಿದ್ದ ಹೆಂಗಸರು ನಗುತ್ತಿದ್ದರು. ಚೈನಿಲ್ಲದ ಗಾಡಿಯಲ್ಲಿ ಮೂಟೆ ಕಟ್ಟಿಕೊಂಡು ಬಂದವನನ್ನು ನೋಡಿ ಇನ್ನೇನು ಮಾಡುತ್ತಾರೆ?

ಚಕ್ರದ ಬೇರಿಂಗ್ ಅಲ್ಲ. ಉಳಿದದ್ದು ಎರಡು. ಚೈನ್, ಅಥವಾ ಚೈನ್ ಎಳೆಯುವ ಮುಂದಿನ ಸ್ಪ್ರಾಕೆಟಿನ ಹಿಂದೆ ಕೂತಿರುವ ಶಾಫ್ಟಿನ ಬೇರಿಂಗ್.

ಚೈನಿನ ಲೆಕ್ಕ ಸುಲಭ. ಮುಂದೆ 14 ಹಲ್ಲು, ಹಿಂದೆ 42, ಚೈನಿನಲ್ಲಿ 120 ಕೊಂಡಿ. ಒಂದು ಕೊಂಡಿ ಮಡಚದೆ ಹಿಡಿದುಕೊಂಡಿದ್ದರೆ ಚಕ್ರ ಮೂರು ಸುತ್ತು ಬರುವುದಕ್ಕೆ ಸ್ವಲ್ಪ ಮೊದಲು ಒಂದು ಸಲ ‘ಟಕ್’ ಅನ್ನಬೇಕು. ಹಿಂದಿನ ಸ್ಪ್ರಾಕೆಟ್ ಓರೆಯಾಗಿದ್ದರೆ ಸುತ್ತಿಗೊಂದು. ಮುಂದಿನದಾದರೆ ಸುತ್ತಿಗೆ ಮೂರು. ಟೈರಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಮೆಲ್ಲಗೆ ತಳ್ಳಿಕೊಂಡು ಹೋಗುತ್ತಾ ಎಣಿಸಿದರೆ ಗೊತ್ತಾಗುತ್ತದೆ. ಚೈನ್ ಮತ್ತೆ ಹಾಕಿ ಎಣಿಸಿದೆ. ಎಣಿಸುವುದಕ್ಕೆ ಅಂಥ ‘ಟಕ್’ ಸಿಗಲೇ ಇಲ್ಲ. ಒಂದೇ ಸಮ ಕರಕರ.

ಚೈನಿಗೆ ಆಟ ಇರಲಿಲ್ಲ

ಚೈನ್ ಹಾಕುವಾಗ ಕೈಗೆ ಒಂದು ವಿಷಯ ಗೊತ್ತಾಗಿತ್ತು. ಲಾಕ್ ಕೂರಿಸುವುದಕ್ಕೇ ಒದ್ದಾಡಬೇಕಾಯಿತು. ಅಷ್ಟು ಬಿಗಿ.

ಸೆಂಟರ್ ಸ್ಟ್ಯಾಂಡ್ ಮೇಲೆ ಕೆಳಗಿನ ಚೈನಿನ ನಡುವನ್ನು ಬೆರಳಿಂದ ಮೇಲೆ ಕೆಳಗೆ ಆಡಿಸಿ ಸ್ಕೇಲ್ ಹಿಡಿದೆ. 12 ಮಿಲಿಮೀಟರ್. ಚೈನ್ ಗಾರ್ಡಿನ ಮೇಲಿನ ಮಾಸಿದ ಸ್ಟಿಕ್ಕರ್‌ನಲ್ಲಿ 25ರಿಂದ 35 ಅಂತ ಬರೆದಿತ್ತು. ಆಮೇಲೆ ಸ್ಟ್ಯಾಂಡ್ ಇಳಿಸಿ, ಮೂಟೆ ಇಟ್ಟು, ಭಾವನನ್ನು ಹತ್ತಿಸಿ ಕೂರಿಸಿದೆ. ಕೆಳಗೆ ಬಗ್ಗಿ ಚೈನ್ ಮುಟ್ಟಿದರೆ ಬಟ್ಟೆ ಒಣಹಾಕುವ ತಂತಿ! ಬೆರಳಲ್ಲಿ ಮೀಟಿದರೆ ‘ಠಣ್’ ಅನ್ನುತ್ತದೆ. ಆಟ ಸೊನ್ನೆ.

ಯಾಕೆ ಹೀಗೆ ಅಂತ ಭಾವನಿಗೆ ಒಂದು ಕಡ್ಡಿಯಿಂದ ಮಣ್ಣಿನಲ್ಲಿ ಬರೆದು ತೋರಿಸಿದೆ. ಹಿಂದಿನ ಚಕ್ರವನ್ನು ಹೊತ್ತ ಸ್ವಿಂಗ್ ಆರ್ಮ್ ತಿರುಗುವ ಬಿಂದು ಒಂದು ಕಡೆ, ಚೈನ್ ಎಳೆಯುವ ಮುಂದಿನ ಸ್ಪ್ರಾಕೆಟ್ ಅದಕ್ಕಿಂತ ಮುಂದೆ ಇನ್ನೊಂದು ಕಡೆ. ಎರಡೂ ಒಂದೇ ಜಾಗದಲ್ಲಿ ಇದ್ದಿದ್ದರೆ ಚಕ್ರ ಮೇಲೆ ಕೆಳಗೆ ಆಡಿದರೂ ಚೈನಿಗೆ ಚಿಂತೆ ಇಲ್ಲ. ಹಾಗಿಲ್ಲದ್ದರಿಂದ ಚಕ್ರ ಮೇಲೇರುತ್ತಿದ್ದ ಹಾಗೆ ಅದಕ್ಕೂ ಮುಂದಿನ ಸ್ಪ್ರಾಕೆಟಿಗೂ ನಡುವಿನ ದೂರ ಹೆಚ್ಚುತ್ತದೆ. ಸ್ಪ್ರಾಕೆಟ್, ಆ ಬಿಂದು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಯಲ್ಲಿ ಬಂದಾಗ ಚೈನ್ ಅತಿ ಬಿಗಿ. ಸೆಂಟರ್ ಸ್ಟ್ಯಾಂಡ್ ಮೇಲೆ ಚಕ್ರ ಕೆಳಗೆ ಜೋತು ಬಿದ್ದಿರುತ್ತದೆ. ಆಗ ಚೈನ್ ಸಡಿಲವಾಗೇ ಕಾಣುತ್ತದೆ. ಒಬ್ಬ ಕೂತರೆ ಸ್ವಲ್ಪ ಬಿಗಿ. 50 ಕೆಜಿ ಮೂಟೆ ಹೇರಿ ಶಾಕ್ ಕುಗ್ಗಿಸಿದರೆ ಪೂರ್ತಿ ಬಿಗಿ. ಅದರ ಮೇಲೆ ನಾಪೋಕ್ಲು ಕಡೆಯ ಗುಂಡಿಗಳು ಬೇರೆ.

ನವೆಂಬರ್‌ನಲ್ಲಿ ಹೊಸ ಚೈನ್, ಸ್ಪ್ರಾಕೆಟ್ ಹಾಕಿದ ಹುಡುಗ “ಹೊಸ ಚೈನ್ ಹೇಗೂ ಎಳೆಯುತ್ತೆ, ಸ್ವಲ್ಪ ಟೈಟಾಗೇ ಇರ್ಲಿ” ಅಂದಿದ್ದು ಭಾವನಿಗೆ ಈಗ ನೆನಪಾಯಿತು. ಹುಡುಗನ ಮಾತಿನಲ್ಲಿ ಕೆಟ್ಟ ಉದ್ದೇಶ ಏನಿಲ್ಲ. ಸಡಿಲ ಚೈನ್ ಗಾರ್ಡಿಗೆ ಬಡಿದು ಸದ್ದು ಮಾಡುತ್ತದೆ, ಗಿರಾಕಿ ವಾಪಸ್ ಬಂದು ಬೈಯುತ್ತಾನೆ. ಬಿಗಿ ಚೈನ್ ಮಾತಾಡುವುದಿಲ್ಲ. ಎರಡು ತಿಂಗಳು ಸುಮ್ಮನಿದ್ದು ಆಮೇಲೆ ಬೇರಿಂಗಿನ ಬಾಯಲ್ಲಿ ಮಾತಾಡಿಸುತ್ತದೆ.

ಹಿಂದಿನ ಆಕ್ಸಲ್ ನಟ್ ಸಡಿಲಿಸಿ, ಎರಡೂ ಬದಿಯ ಗುರುತು ಸಮ ನೋಡಿಕೊಂಡು, ಆಟವನ್ನು 30 ಮಿಲಿಮೀಟರಿಗೆ ತಂದೆ. ಮೂಟೆಯೊಂದಿಗೆ ಮತ್ತೆ ಹೋದೆ. ಸದ್ದು ಮುಕ್ಕಾಲು ಭಾಗ ಮಾಯ!

ಭಾವನ ಮುಖ ಅರಳಿತು. “ಆಯ್ತಲ್ಲ ಬಿಡು, 16 ಸಾವಿರ ಉಳೀತು.” ನನಗೂ ಅಲ್ಲಿಗೇ ಕೈ ತೊಳೆದುಕೊಳ್ಳುವ ಆಸೆ ಆಗಿತ್ತು. ಕತ್ತಲಾಗುತ್ತಿತ್ತು, ಅಕ್ಕ ಒಳಗೆ ಕಡುಬು ಬೇಯಿಸುತ್ತಿದ್ದಳು. ಆದರೆ ಮುಕ್ಕಾಲು ಹೋದರೆ ಕಾಲು ಉಳಿದ ಹಾಗೆ. ಏರಿನಲ್ಲಿ ಆಕ್ಸಿಲೇಟರ್ ಕೊಟ್ಟಾಗ ಅದೇ ಗುರುಗುಡುವಿಕೆ, ಕಂಬಳಿ ಹೊದ್ದ ಹಾಗೆ, ಇನ್ನೂ ಇತ್ತು. ಬಿಗಿ ಚೈನ್ ಕಾರಣ ಹೌದು. ಆದರೆ ಅದು ಮಾಡಬೇಕಾದ ಹಾನಿಯನ್ನು ಮಾಡಿ ಆಗಿತ್ತು.

ಊಟ ಆದ ಮೇಲೆ ಟಾರ್ಚ್ ಬೆಳಕಿನಲ್ಲಿ ಚೈನ್ ಮತ್ತೆ ಕಳಚಿದೆ. ಎಡಬದಿಯ ಸ್ಪ್ರಾಕೆಟ್ ಕವರ್ ಬಿಚ್ಚಿದರೆ ಒಳಗೆ ಕೆಮ್ಮಣ್ಣು, ಗ್ರೀಸು ಸೇರಿ ಹುತ್ತದ ಮಣ್ಣಿನಂತೆ ಗಟ್ಟಿಯಾಗಿತ್ತು. ಕೆರೆದು ತೆಗೆದ ಮೇಲೆ ಶಾಫ್ಟಿನ ಆಯಿಲ್ ಸೀಲ್ ಸುತ್ತ ಒದ್ದೆ ಕಂಡಿತು. ಶಾಫ್ಟ್ ಅಲುಗಿದರೆ ಸೀಲ್ ಎಷ್ಟು ದಿನ ತಡೆದೀತು?

ಗಾಡಿ ನ್ಯೂಟ್ರಲ್‌ನಲ್ಲಿತ್ತು. ಸ್ಪ್ರಾಕೆಟ್ ಹಿಡಿದು ಸುಮ್ನೆ ತಿರುಗಿಸಿದೆ. ನುಣ್ಣಗೆ ತಿರುಗಿತು. ಸ್ಪ್ರಾಕೆಟ್ ತಾನು ಕೂರುವ ಹಲ್ಲುಗಾಲುವೆಯ (ಶಾಫ್ಟಿನ ಮೇಲಿನ ಉದ್ದ ಗೀರುಗಳ) ಮೇಲೆ ಒಂದಿಷ್ಟು ಅಲುಗುವುದು ಸಹಜ, ಅದನ್ನು ಬೇರಿಂಗಿನ ಆಟ ಅಂತ ತಪ್ಪು ತಿಳಿಯಬಾರದು. ಶಾಫ್ಟಿನ ತುದಿಯನ್ನೇ ಹಿಡಿದು ಮೇಲೆ ಕೆಳಗೆ ಆಡಿಸಿದಾಗ ಬಹಳ ಸಣ್ಣ ‘ಕಟ್’ ಇದ್ದ ಹಾಗೆ ಅನಿಸಿತು. ಅನಿಸಿತು ಅಷ್ಟೇ. ಆಣೆ ಇಟ್ಟು ಹೇಳುವಷ್ಟಲ್ಲ.

ಆಗ ಪಂಪಿನ ಅಭ್ಯಾಸ ನೆನಪಾಯಿತು. ಬೇರಿಂಗನ್ನು ಖಾಲಿ ತಿರುಗಿಸಿದರೆ ಅದು ಎಂದೂ ನಿಜ ಹೇಳುವುದಿಲ್ಲ. ಇಡೀ ಕತೆಯೇ ಅದಲ್ವಾ, ಖಾಲಿ ಗಾಡಿ, ಖಾಲಿ ಬೇರಿಂಗ್. ಎಡಗೈಯ ಅಂಗೈಯಿಂದ ಸ್ಪ್ರಾಕೆಟನ್ನು ಹಿಂದಿನ ಚಕ್ರದ ಕಡೆಗೆ ಒತ್ತಿ ಹಿಡಿದೆ, ಬಲಗೈಯಿಂದ ಮೆಲ್ಲಗೆ ತಿರುಗಿಸಿದೆ. ಬಂತು. ಬೆರಳ ತುದಿಗೆ ಮರಳು ಸಿಕ್ಕ ಹಾಗೆ, ಒಂದು ಕಡಿತ. ಇನ್ನೊಂದು. ಮತ್ತೊಂದು. ಸ್ಪ್ರಾಕೆಟಿನ ಒಂದು ಸುತ್ತಿಗೆ ಹೆಚ್ಚೂಕಡಿಮೆ ಮೂರು. ಈಗ ಮುಂದಿನ ಚಕ್ರದ ಕಡೆಗೆ ಒತ್ತಿ ತಿರುಗಿಸಿದೆ. ನುಣುಪು. ಕೆಳಕ್ಕೆ ಒತ್ತಿದೆ, ನುಣುಪು. ಮತ್ತೆ ಹಿಂದಕ್ಕೆ. ಕಡಿತ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಇಡೀ ಪ್ರಕರಣದಲ್ಲಿ ತುಂಬ ಖುಷಿ ಕೊಟ್ಟದ್ದು ಇದೇ. ಬೇರಿಂಗಿನ ಹೊರ ರಿಂಗ್ ಎಂಜಿನ್ ಕೇಸಿನಲ್ಲಿ ಅಲುಗದೆ ಕೂತಿರುತ್ತದೆ. ಒಳ ರಿಂಗ್ ಶಾಫ್ಟಿನ ಜೊತೆ ತಿರುಗುತ್ತದೆ. ಚೈನ್ ಯಾವಾಗಲೂ ಹಿಂದಕ್ಕೇ ಎಳೆಯುತ್ತದೆ. ಹಾಗಾಗಿ ಹೊರೆ ಬೀಳುವುದು ಹೊರ ರಿಂಗಿನ ಹಿಂಬದಿಯ ಒಂದು ತುಣುಕಿನ ಮೇಲೆ ಮಾತ್ರ. ದಿನವೂ ಅದೇ ಜಾಗ ಜಜ್ಜಿಸಿಕೊಂಡು, ಕೊನೆಗೆ ಉಕ್ಕಿನ ಮೇಲ್ಪದರ ಏಳುತ್ತದೆ. ಆ ಗುಳಿಯ ಮೇಲೆ ಒಂದೊಂದು ಗುಂಡು ಹಾದಾಗಲೂ ಒಂದು ಕಡಿತ. ಶಾಫ್ಟ್ ಒಂದು ಸುತ್ತು ಬರುವಾಗ ಗುಂಡುಗಳ ಸಾಲು ಅರ್ಧ ಸುತ್ತೂ ಪೂರ್ತಿ ಬರುವುದಿಲ್ಲ, ಐದರಲ್ಲಿ ಎರಡು ಪಾಲಿಗಿಂತ ಒಂದು ಚೂರು ಕಡಿಮೆ. ಎಂಟು ಗುಂಡಿನ ಬೇರಿಂಗಾದರೆ ಒಂದು ಸುತ್ತಿಗೆ ಸುಮಾರು ಮೂರು ಗುಂಡು ಆ ಗುಳಿಯನ್ನು ದಾಟುತ್ತವೆ. ನನ್ನ ಬೆರಳು ಎಣಿಸಿದ್ದೂ ಮೂರು. 40ರ ವೇಗದಲ್ಲಿ ಈ ಶಾಫ್ಟ್ ಸೆಕೆಂಡಿಗೆ 17 ಸುತ್ತು ಬರುತ್ತದೆ. ಮೂರರಿಂದ ಗುಣಿಸಿದರೆ 50 ಚಿಲ್ಲರೆ ಬಡಿತ. ಅದು ‘ಟಕಟಕ’ ಆಗಿ ಕೇಳಿಸುವುದಿಲ್ಲ, ‘ಗುರ್ರ್’ ಆಗಿ ಕೇಳಿಸುತ್ತದೆ.

ಆವತ್ತೇ ಭಾವನಿಗೆ ಹೇಳಿದೆ. “ಎಡಬದಿ ಬೇರಿಂಗ್. ಹೊರ ರಿಂಗ್. ಗುಳಿ ಇರುವುದು ಹಿಂದಿನ ಚಕ್ರದ ಕಡೆಗೆ. ಗೇರು ಚೆನ್ನಾಗಿರುತ್ತದೆ.” ಅಷ್ಟು ಖಚಿತವಾಗಿ ಹೇಳಿದ ಮೇಲೆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ ಅನ್ನುವುದೂ ನಿಜ.

ಬಿಚ್ಚಿದ ದಿನ

ಒಂದು ಬೇಸರದ ಸಂಗತಿ. ಈ ಬೇರಿಂಗ್ ಹೊರಗಿನಿಂದ ಬರುವುದಿಲ್ಲ. ಎಂಜಿನ್ ಇಳಿಸಿ, ಕೇಸನ್ನು ಎರಡು ಹೋಳು ಮಾಡಲೇಬೇಕು. ‘ಎಂಜಿನ್ ಇಳಿಸಬೇಕು’ ಅಂದ ಮೂರನೇ ಗ್ಯಾರೇಜಿನವರ ಮಾತು ಅಷ್ಟರ ಮಟ್ಟಿಗೆ ಸರಿಯೇ ಆಗಿತ್ತು. ಅಂದಾಜು ತಪ್ಪಿದ್ದು ಒಳಗೆ ಏನು ಬದಲಿಸಬೇಕು ಅನ್ನುವುದರಲ್ಲಿ.

ಕೇಸ್ ಬಿಚ್ಚುವ ಕೆಲಸ ನಾನು ಮಾಡುವುದಿಲ್ಲ. ವಿರಾಜಪೇಟೆಯಲ್ಲಿ ನನಗೆ ಗೊತ್ತಿರುವ ಒಬ್ಬ ಹಳೇ ಮೇಸ್ತ್ರಿ ಇದ್ದಾರೆ. ಯೆಜ್ಡಿ ಗಾಡಿಗಳ ಮೇಲೆ ಕೈ ಪಳಗಿಸಿಕೊಂಡವರು. ಮೈಸೂರಿನಲ್ಲಿ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳು ಕೊಡಗಿನ ತೋಟಗಳಲ್ಲಿ ಒಂದು ಕಾಲಕ್ಕೆ ಜೀಪಿನಷ್ಟೇ ಕೆಲಸ ಮಾಡಿದವು. ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ ಆದ ಆ ಗಾಡಿಯನ್ನು ರಿಪೇರಿ ಮಾಡಿದವರಿಗೆ ಬೇರೆ ಯಾವ ಗೇರ್‌ಬಾಕ್ಸೂ ಹೆದರಿಕೆ ಹುಟ್ಟಿಸುವುದಿಲ್ಲ.

ಬುಧವಾರ, ಸಂತೆ ದಿನ. ಪೇಟೆ ಗಿಜಿಗಿಜಿ. ಮೇಸ್ತ್ರಿ ಮೊದಲು ಆಯಿಲ್ ಇಳಿಸಿದರು. ಡ್ರೈನ್ ಬೋಲ್ಟನ್ನು ಒರೆಸಿ, ಒಂದು ಹಳೇ ಸ್ಪೀಕರಿನ ಅಯಸ್ಕಾಂತವನ್ನು ಎಣ್ಣೆಯಲ್ಲಿ ಕಲಸಿದರು. ಅದಕ್ಕೆ ಅಂಟಿದ್ದನ್ನು ಹೆಬ್ಬೆರಳಿನಲ್ಲಿ ತಿಕ್ಕಿ ನನಗೆ ತೋರಿಸಿದರು. ಬೂದು ಬಣ್ಣದ ನುಣ್ಣನೆಯ ಲೇಪ ಎಲ್ಲ ಗಾಡಿಯಲ್ಲೂ ಇರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬಾರದು. ಇಲ್ಲಿ ಲೇಪದ ನಡುವೆ ಮೀನಿನ ಹುರುಪೆಯ ಹಾಗೆ ನಾಲ್ಕೈದು ಹೊಳೆಯುವ ಚೂರು. ಗೇರ್ ಹಲ್ಲು ಮುರಿದಿದ್ದರೆ ಸಿಗುವುದು ದಪ್ಪ ತುಂಡು. ಹುರುಪೆ ಬರುವುದು ಬೇರಿಂಗಿನಿಂದ. ಮೇಸ್ತ್ರಿ ನನ್ನ ಮಾತಿಗೆ ಅಲ್ಲಿಯವರೆಗೆ ಹೂಂಗುಟ್ಟಿರಲಿಲ್ಲ. ಆಗ ಮೊದಲ ಸಲ “ಹ್ಞೂಂ” ಅಂದರು.

ಕೇಸ್ ಬಿಚ್ಚಿದಾಗ ನಾನು ಒಂದೇ ಒಂದು ವಿಷಯಕ್ಕೆ ಹಟ ಮಾಡಿದೆ. ಬೇರಿಂಗ್ ತೆಗೆಯುವ ಮೊದಲು ಹೊರ ರಿಂಗಿನ ಮೇಲೆ ಹಿಂದಿನ ಚಕ್ರದ ದಿಕ್ಕಿಗೆ ಬಿಳಿ ಪೇಂಟಿನ ಒಂದು ಚುಕ್ಕಿ ಇಟ್ಟೆ. ಮೇಸ್ತ್ರಿಯ ಹುಡುಗ ಕೇಸನ್ನು ಸ್ಟೌ ಮೇಲೆ ಹದವಾಗಿ ಬಿಸಿ ಮಾಡಿದ. ನೀರಿನ ಹನಿ ಹಾಕಿದರೆ ‘ಚುಂಯ್’ ಅನ್ನುವವರೆಗೆ. ಅಲ್ಯೂಮಿನಿಯಂ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತದೆ, ಬೇರಿಂಗಿನ ಹಿಡಿತ ಬಿಡುತ್ತದೆ. ಹಲಗೆಯ ಮೇಲೆ ಒಂದೇ ಕುಕ್ಕು. ಬೇರಿಂಗ್ ಬಿತ್ತು. ಪಕ್ಕದಲ್ಲಿ 6204 ಅಂತ ನಂಬರ್. ಒಳ ಅಳತೆ 20, ಹೊರ ಅಳತೆ 47, ದಪ್ಪ 14 ಮಿಲಿಮೀಟರ್. ನನ್ನ ಪಂಪ್ ಡಬ್ಬಿಯಲ್ಲಿ ಇದೇ ನಂಬರಿನವು ಸದಾ ನಾಲ್ಕಾದರೂ ಇರುತ್ತವೆ. ಎಂಟು ಗುಂಡು.

ಕೈಯಲ್ಲಿ ತಿರುಗಿಸಿದರೆ ಹೊಸದರ ಹಾಗೇ ತಿರುಗಿತು. ಮೇಸ್ತ್ರಿ ನನ್ನ ಮುಖ ನೋಡಿದರು. ನಾನು ಮಾತಾಡಲಿಲ್ಲ. ಗುಂಡುಗಳ ಪಂಜರದ ರಿವೆಟ್ ಉಜ್ಜಿ ತೆಗೆದು, ಎಲ್ಲ ಗುಂಡನ್ನೂ ಒಂದೇ ಬದಿಗೆ ಸರಿಸಿ ಒಳ ರಿಂಗ್ ಹೊರಗೆ ಎಳೆದೆವು. ಹೊರ ರಿಂಗನ್ನು ಪೆಟ್ರೋಲ್‌ನಲ್ಲಿ ತೊಳೆದು ಬಾಗಿಲ ಬೆಳಕಿಗೆ ಹಿಡಿದೆ. ಮುಕ್ಕಾಲು ಸುತ್ತು ಕನ್ನಡಿ. ಬಿಳಿ ಚುಕ್ಕಿಯ ನೇರಕ್ಕೆ, ಹುಣಸೆ ಬೀಜದಷ್ಟು ಜಾಗದಲ್ಲಿ, ಇಲಿ ಕಡಿದ ಹಾಗೆ ಪದರ ಎದ್ದಿತ್ತು. ಚುಕ್ಕಿಯಿಂದ ಒಂದು ಅಕ್ಕಿಕಾಳಿನಷ್ಟು ಮೇಲಕ್ಕೆ ಸರಿದಿತ್ತು, ಅಷ್ಟೇ.

ಗೇರುಗಳನ್ನು ಒಂದೊಂದಾಗಿ ನೋಡಿದೆವು. ಹಲ್ಲಿನ ಮುಖ ನುಣ್ಣಗಿತ್ತು. ಗೂಟಗಳ ಅಂಚು ಚೂಪಾಗೇ ಇತ್ತು, ದುಂಡಾಗಿರಲಿಲ್ಲ. ಫೋರ್ಕ್ ಬಾಗಿರಲಿಲ್ಲ. ಅದೇ ಶಾಫ್ಟಿನ ಇನ್ನೊಂದು ತುದಿಯ ಬೇರಿಂಗ್ ಚೆನ್ನಾಗಿತ್ತು. ಆದರೂ ಬದಲಿಸಿದೆವು. ಕೇಸ್ ಬಿಚ್ಚುವ ಕೂಲಿ ಒಂದೇ ಸಲ ಕೊಡುವಾಗ ಕೆಲವು ನೂರು ರೂಪಾಯಿಯ ಬೇರಿಂಗಿಗೆ ಜಿಪುಣತನ ಮಾಡಬಾರದು ಅಂತ ನನ್ನ ಅಭಿಪ್ರಾಯ. ಸೀಲ್, ಗ್ಯಾಸ್ಕೆಟ್, ಆಯಿಲ್, ಮೇಸ್ತ್ರಿ ಕೂಲಿ ಎಲ್ಲ ಸೇರಿ 5,400. ಭಾವ ದುಡ್ಡು ಎಣಿಸುವಾಗ “ಮತ್ತೆ ಆ ಹುಡುಗ ಟೈಟ್ ಮಾಡಿದ್ದಕ್ಕೆ ಇಷ್ಟಾಯ್ತಲ್ಲ” ಅಂತ ಗೊಣಗಿದ. ಮೂಟೆಯ ಪಾಲೂ ಇದೆ ಅಂತ ನಾನು ಹೇಳಲು ಹೋಗಲಿಲ್ಲ.

ಹೊಸ ಬೇರಿಂಗನ್ನು ಮೇಸ್ತ್ರಿ ಪಕ್ಕದ ಅಂಗಡಿಯ ಐಸ್‌ಕ್ರೀಮ್ ಫ್ರಿಜ್ಜಿನಲ್ಲಿ ಒಂದು ಗಂಟೆ ಇಟ್ಟು ತಂದರು. ಬಿಸಿ ಕೇಸಿಗೆ ತಣ್ಣನೆಯ ಬೇರಿಂಗ್, ಸುತ್ತಿಗೆ ಮುಟ್ಟಿಸದೆ ಜಾರಿ ಕೂತಿತು. ಚೈನ್ ಹಾಕುವಾಗ ಮಾತ್ರ ನನ್ನ ಕ್ರಮ. ಭಾವ ಮುಂದೆ, ಹಿಂದೆ ಅಂಗಡಿಯಿಂದ ಸಾಲ ತಂದ ಅಕ್ಕಿ ಮೂಟೆ. ಆ ಸ್ಥಿತಿಯಲ್ಲಿ 15 ಮಿಲಿಮೀಟರ್ ಆಟ ಉಳಿಯುವ ಹಾಗೆ ಬಿಗಿದೆವು. ಇಳಿದ ಮೇಲೆ ಸ್ಟ್ಯಾಂಡ್ ಮೇಲೆ ಅಳೆದರೆ 32 ಬಂತು. ಸ್ಟಿಕ್ಕರಿನ 25–35ರ ಒಳಗೇ. ಬರೆದವರು ಮೂಟೆಯನ್ನೂ ಲೆಕ್ಕ ಹಾಕಿಯೇ ಬರೆದಿದ್ದರು ಅನ್ನಿ.

ಅದೇ ಮೂಟೆ ಕಟ್ಟಿಕೊಂಡು ಬಿಟ್ಟಂಗಾಲದವರೆಗೆ ಹೋಗಿ ಬಂದೆವು. ಸದ್ದಿಲ್ಲ. ಕ್ಲಚ್ ಬಿಟ್ಟಾಗ ಆ ಕಳಕಳ ಮಾತ್ರ ಹಾಗೇ ಇದೆ, ಇರಲಿ.

ಮಳೆ ಶುರುವಾಗುವ ಮುಂಚೆ, ಸುಮಾರು 3,000 ಕಿಲೋಮೀಟರ್ ಓಡಿದ ಮೇಲೆ, ಆಯಿಲ್ ಬದಲಿಸುವಾಗ ಅಯಸ್ಕಾಂತ ಹಿಡಿದು ನೋಡಿದೆ. ಬೂದು ಲೇಪ ಅಷ್ಟೇ, ಹುರುಪೆ ಇಲ್ಲ. ಚೈನ್ ಸ್ವಲ್ಪ ಎಳೆದಿತ್ತು. ಬಿಗಿಸಲು ಭಾವ ಗಾಡಿಯನ್ನು ಆ ಮೊದಲಿನ ಹುಡುಗನ ಹತ್ತಿರವೇ ಒಯ್ದ, ಈ ಸಲ ಮೂಟೆ ಕಟ್ಟಿಕೊಂಡು. ಮೂಟೆ ಇಳಿಸಿ ಅಂದನಂತೆ ಹುಡುಗ. ಇಳಿಸಲ್ಲ, ಹೀಗೇ ಅಳೆದು ಬಿಗಿ, ಇಷ್ಟು ಆಟ ಬಿಡು ಅಂತ ಭಾವ ಎರಡು ಬೆರಳು ತೋರಿಸಿದನಂತೆ. ಹುಡುಗ ಸ್ಪ್ಯಾನರ್ ಹಿಡಿದು ಒಂದು ಗಳಿಗೆ ನಿಂತ.

“ಆಯ್ತು. ಆಮೇಲೆ ಚೈನ್ ಲೂಸ್ ಆಯ್ತು ಅಂತ ಬಂದು ನನ್ನ ಬೈಬೇಡಿ.”